ಹಸ್ತದ ಮಳೆಯಲ್ಲಿ ಜಲವರ್ಣ

ಮಾನ್ಯರೇ,

ಹಸ್ತ, ಚಿತ್ತಿ ಮಳೆಯಲ್ಲಿ ಆನೆಗೊಂದಿ ಸೀಮೆಯ ತೋಟದ ಮನೆಗಳಲ್ಲಿ ತಂಗಿ ಬಂಡೆಗುಡ್ಡ ಬರೆಯುವ ಕಲಾವಿದರಿಗೆ ನಾಲ್ಕು ಮಾತು. ತೊಯ್ದ ಬಂಡೆಯ ಕಡುಗಂದು ಬೇಸಿಗೆಯಲ್ಲಿ ಸಿಗದು, ನಿಜ. ಆದರೆ ಕಾಗದ ಒಣಗಬೇಕಲ್ಲ!

ಬಣ್ಣ ಹಚ್ಚಿದಾಗ ಸುಕ್ಕಾಗದಿರಲು 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದವನ್ನು ಐದಾರು ನಿಮಿಷ ನೆನೆಸಿ, ಪ್ಲೈವುಡ್ ಹಲಗೆಗೆ ನಾಲ್ಕೂ ಅಂಚು ಗಮ್ ಟೇಪ್ (ನೀರು ಸವರಿ ಅಂಟಿಸುವ ಕಾಗದದ ಪಟ್ಟಿ) ಹಚ್ಚಿ, ಹಲಗೆಯನ್ನು ಮಲಗಿಸಿಯೇ ಒಣಗಿಸಿ. ನಿಲ್ಲಿಸಿದರೆ ನೀರು ಕೆಳಗಿನ ಅಂಚಿಗಿಳಿದು ಟೇಪ್ ಬಿಡುತ್ತದೆ. ಬಿಸಿಲಲ್ಲಿ ಎರಡು ಮೂರು ತಾಸಿನ ಕೆಲಸಕ್ಕೆ ಇಲ್ಲಿ ರಾತ್ರಿಯಿಡೀ ಬೇಕು. ಅವಸರಕ್ಕೆ ಒಲೆಯ ಹತ್ತಿರ ಇಟ್ಟರೆ ಹೊಗೆ ಹಿಡಿಯುತ್ತದೆ, ಅಷ್ಟೇ.

ಮೊದಲ ಬಣ್ಣದ ಪದರ ಒಣಗಿದಂತೆ ಕಂಡರೂ ನಂಬಬೇಡಿ. ಅಂಗೈ ಹಿಂಬದಿ ತಾಗಿಸಿ. ತಣ್ಣಗಿದ್ದರೆ ಒಳಗೆ ಇನ್ನೂ ಹಸಿ. ಆಗ ನೀರು ಹೆಚ್ಚಿರುವ ಕುಂಚ ತಾಕಿಸಿದರೆ ಆ ನೀರು ಅರೆ ಒಣಗಿದ ಬಣ್ಣವನ್ನು ಸುತ್ತ ತಳ್ಳಿ ಹೂಕೋಸಿನಂಥ ಕಲೆ ಮೂಡಿಸುತ್ತದೆ. ಅದನ್ನು ತಿದ್ದುವುದು ಕಷ್ಟ.

ಮಾಳಿಗೆ ಮನೆಯಲ್ಲಿ ಬೆಳಕಿಂಡಿಯ ನೇರ ಕೆಳಗೆ ಬೆಳಕು ಚೆಂದ, ಹನಿಯೂ ಅಲ್ಲಿಯೇ ಬೀಳುವುದು. ಎರಡು ಮೊಳ ಸರಿದು ಕೂಡಿ.

ಕಾಗದವನ್ನು ಮಣ್ಣಿನ ಗೋಡೆಗೆ ಒರಗಿಸಬೇಡಿ. ತೇವಕ್ಕೆ ಮೇಲ್ಮೈಯ ಸರೇಸಿನ (ಅಂಟಿನ) ಲೇಪ ಬೂಸ್ಟು ಹಿಡಿದು, ಆ ಜಾಗ ಬಣ್ಣವನ್ನು ಒತ್ತುಕಾಗದದಂತೆ ಹೀರುತ್ತದೆ. ಟ್ರಂಕಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಟ್ಟು, ಟ್ರಂಕನ್ನು ಇಟ್ಟಿಗೆಯ ಮೇಲಿಡಿ. ಕಿನ್ನಾಳ ಕಲೆಯ (ಕೊಪ್ಪಳ ಜಿಲ್ಲೆಯ ಮರದ ಗೊಂಬೆ ಕಲೆ) ಹುಣಸೆಬೀಜದ ಅಂಟು ಕಲಿಯುವವರು ಅಂದಂದಿಗೆ ಬೇಕಾದಷ್ಟೇ ಕುದಿಸಿಕೊಳ್ಳಲಿ, ಇಟ್ಟರೆ ಅದೂ ಕೆಡುತ್ತದೆ.

ಮನೆ ಬಾಡಿಗೆ ಕೊಡುವವರು ಫ್ಯಾನು, ಅಗಲದ ಮೇಜು ಒದಗಿಸಿದರೆ ಸಾಕು. ಗೋಡೆಗೆ ಹಂಪಿಯ ಪೋಸ್ಟರ್ ಬೇಡ.

– ಚಿತ್ರಕಲಾ ಶಿಕ್ಷಕರು, ಗಂಗಾವತಿ