ಕಾಕಾನ ಮೆಣಸಿನಕಾಯಿ ಕೆಂಪಾಯಿತು

ಮೊನ್ನೆ ಅಮಾವಾಸ್ಯೆ ರಾತ್ರಿ, ಬ್ಯಾಡಗಿ ಹತ್ತಿರದ ಕಾಕಾನ ಕಣದಲ್ಲಿ ಒಣಹಾಕಿದ್ದ ಮೆಣಸಿನಕಾಯಿ ಕೆಂಪಗೆ ಕಾಣಿಸಿತು. ಬ್ಯಾಟರಿ ಹಚ್ಚಿರಲಿಲ್ಲ. ಚುಕ್ಕಿ ಬೆಳಕು, ದೂರದ ಊರಿನ ದೀಪ, ಅಷ್ಟೇ. ಎರಡು ವರ್ಷದಿಂದ ನಾವು ಕಟ್ಟುತ್ತಿದ್ದ, ಕತ್ತಲಲ್ಲಿ ನೋಡುವ ಕ್ಯಾಮೆರಾ ಕೊನೆಗೂ ಬಣ್ಣ ಹಿಡಿಯಿತು.

ಮೊದಲು ನೆನೆಯಬೇಕಾದದ್ದು ಕಾಕಾನನ್ನೇ. ಹೋದ ವರ್ಷ ಕಪ್ಪು-ಬಿಳುಪು ಚಿತ್ರ ತೋರಿಸಿ ಬೀಗುತ್ತಿದ್ದೆ. "ಇದು ಮೆಣಸಿನಕಾಯಿನೋ ಇದ್ದಿಲೋ?" ಅಂದರು. ಮಿಲಿಟರಿಯವರ ರಾತ್ರಿ ದುರ್ಬೀನಿನಲ್ಲೂ ಸಾಮಾನ್ಯವಾಗಿ ಒಂದೇ ಬಣ್ಣ, ಹೆಚ್ಚಾಗಿ ಹಸಿರು, ಕಾಣೋದು, ಬೆಳಕು ಎಲೆಕ್ಟ್ರಾನ್ ಆಗುವಾಗಲೇ ಬಣ್ಣ ಕಳೆದುಹೋಗುತ್ತದೆ ಅಂತ ವಾದಿಸಿದೆ. "ಮಿಲಿಟರಿಯವರು ಮೆಣಸಿನಕಾಯಿ ಮಾರ್ತಾರೇನು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಣ್ಣದ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ತಂದೆ. ಬೆಳಕು ಜಾಸ್ತಿ ಸಿಗಲಿ ಅಂತ ಆಸೆಬಿದ್ದು ಅದರ ಮೇಲಿದ್ದ, ಇನ್‌ಫ್ರಾರೆಡ್ ಬೆಳಕು ತಡೆಯುವ ಫಿಲ್ಟರ್ ಕಿತ್ತೆ. ಕಣ್ಣಿಗೆ ಕಾಣದ ಆ ಬೆಳಕು ಕೆಂಪು, ಹಸಿರು, ನೀಲಿ ಮೂರರಲ್ಲೂ ನುಗ್ಗಿ ಎಲ್ಲ ಕಲಸಿಬಿಟ್ಟಿತು. ಎಲೆ ಬೆಳ್ಳಗೆ, ಕರಿ ಅಂಗಿ ನೇರಳೆ! ಹುಬ್ಬಳ್ಳಿಯ ಮೊಬೈಲ್ ರಿಪೇರಿ ಅಂಗಡಿಯ ಅಣ್ಣ ಹೊಸ ಫಿಲ್ಟರ್ ಕೂರಿಸಿಕೊಟ್ಟರು. ದುಡ್ಡು ಎಷ್ಟು ಅಂದರೆ, "ಒಂದು ಪ್ಲೇಟ್ ಗಿರ್ಮಿಟ್ ಕೊಡಸು" ಅಂದರು.

ಈಗ ಬಣ್ಣ ಸರಿ, ಆದರೆ ಬೆಳಕು ಸಾಲದು. ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಒಂದರ ಹಿಂದೊಂದು ಬರುವ 16 ಚಿತ್ರಗಳ, ಅಂದರೆ ಫ್ರೇಮ್‌ಗಳ, ಸರಾಸರಿ ತೆಗೆದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ, ನಿಜ. ಓಡುವ ನಾಯಿಗೆ ಮಾತ್ರ ಮೂರು ಬಾಲ ಬಂದವು. ಇದನ್ನು ಬಿಡಿಸಿದ್ದು ನನ್ನ ದೋಸ್ತ. ಧಾರವಾಡದ ರೂಮಿನಲ್ಲಿ ನಾಲ್ಕು ತಿಂಗಳು ಕೂತ. ಅಲುಗಾಡದ ಜಾಗದಲ್ಲಿ ಹಳೆಯ ಫ್ರೇಮ್ ಸೇರಿಸುವುದು, ಅಲುಗಾಡಿದ ಕಡೆ ಹೊಸದನ್ನೇ ಇಡುವುದು. ಸೆಕೆಂಡಿಗೆ 30 ಫ್ರೇಮ್ ಅಲ್ವಾ, ಹಾಗಾಗಿ ಒಂದೊಂದರ ಲೆಕ್ಕವೂ 33 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ತಡವಾದರೆ ಏನಾಗುತ್ತದೆ ಅನ್ನೋದನ್ನ ಕಾಕಾ ಕ್ಯಾಮೆರಾ ಕಣ್ಣಿಗೆ ಹಿಡಿದು ನಡೆದು, ಒಡ್ಡು ಎಡವಿ ತೋರಿಸಿದ್ದಾರೆ. ತಪ್ಪಾಯ್ತು ಕಾಕಾ.

ಬಣ್ಣ ಹೊಂದಿಸಲು ತಂಗಿ ಎಷ್ಟೋ ರಾತ್ರಿ ಹಿತ್ತಲಲ್ಲಿ ಇಳಕಲ್ ಸೀರೆ ಹಿಡಿದು ನಡುಗುತ್ತ ನಿಂತಿದ್ದಾಳೆ. ಸೀರೆ ಅವ್ವಂದು. ಅವ್ವನಿಗೆ ಇದು ಗೊತ್ತಿರಲಿಲ್ಲ, ಈಗ ಗೊತ್ತಾಗುತ್ತದೆ.

ಮೊನ್ನೆ ಕಾಕಾ ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಕೆಂಪ ಐತಿ ತಮ್ಮಾ. ಆದ್ರ ನಮ್ಮ ಕಾಯಿ ಇದಕ್ಕಿಂತ ಕೆಂಪು."

ದೋಸ್ತ ಮತ್ತೆ ರೂಮಿಗೆ ಹೋಗಿ ಕೂತಿದ್ದಾನೆ.