ಅಕ್ಕನ ದಾಖಲೆ ಹುಡುಕುತ್ತಿರುವ ಮೊಮ್ಮಗಳಿಗೆ

ಚಿ. ಅಶ್ವಿನಿಗೆ ಅಜ್ಜನ ಆಶೀರ್ವಾದ.

ನಿನ್ನ ಪತ್ರ ಬಂತು. ವಂಶಾವಳಿ ಬರೆಯುತ್ತಿದ್ದೀಯ, ಅದಕ್ಕೆ ಬಾವಿಯಲ್ಲಿ ಸತ್ತ ನನ್ನ ಅಕ್ಕನ, ಅಂದರೆ ನಿಮ್ಮಪ್ಪನ ಅವ್ವನ, ಮರಣ ಪ್ರಮಾಣಪತ್ರ ಹುಡುಕುತ್ತಿದ್ದೀಯ, ಸಂತೋಷ. ಆದರೆ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಅದರಲ್ಲಿ ತಾನೇ ಹಾರಿದಳು ಅಂತ ಇದ್ದರೆ ಅಪ್ಪನಿಗೆ ಹೇಗೆ ತೋರಿಸಲಿ" ಅಂತ, ಅದನ್ನು ಓದಿದ ಮೇಲೆ ಉಳಿದದ್ದು ಯಾವುದೂ ನನ್ನ ತಲೆಗೆ ಹತ್ತಲಿಲ್ಲ.

ಮೊದಲು ಅದನ್ನೇ ಹೇಳಿಬಿಡುತ್ತೇನೆ. ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮಿನಲ್ಲೇ ಇದೆ. ರಿಜಿಸ್ಟರಿನಲ್ಲಿ ಕಾರಣ ಬರೆದಿದ್ದರೂ ಹೊರಗೆ ಕೊಡುವ ಪ್ರತಿಯಲ್ಲಿ ತೋರಿಸುವಂತಿಲ್ಲ. ಹೆಸರು, ದಿನ, ಊರು, ಗಂಡನ ಹೆಸರು ಇರುತ್ತವೆ. ನಿಮ್ಮಪ್ಪನ ಕೈಗೆ ಕೊಡಲು ಹೆದರುವಂಥದ್ದು ಅದರಲ್ಲಿ ಏನೂ ಇಲ್ಲ.

ನಿನ್ನ ಭಯ ನನಗೆ ಹೊಸದಲ್ಲ ಅಶ್ವಿನಿ. ಅಕ್ಕನ ಗಂಡನ ಊರಿನ ತಾಲೂಕು ಕಚೇರಿಯ ರೆಕಾರ್ಡು ರೂಮಿನಲ್ಲಿ ನಾನು ಎಷ್ಟು ವರ್ಷ ಕೂತೆ. ಊರೂರಿನ ಜನನ ಮರಣದ ರಿಜಿಸ್ಟರುಗಳು ಬಟ್ಟೆಯ ಗಂಟುಗಳಲ್ಲಿ ಅಲ್ಲೇ ಇದ್ದವು. ಯಾರ್‍ಯಾರಿಗೋ ಹುಡುಕಿ ಕೊಟ್ಟೆ. ಅಕ್ಕನ ಊರಿನ 1964ರ ಗಂಟು ಮಾತ್ರ ಬಿಚ್ಚಲಿಲ್ಲ. ಧೂಳು ಹೊಡೆಯುವಾಗಲೂ ಆ ಕಪಾಟನ್ನು ಜವಾನನಿಗೆ ಬಿಡುತ್ತಿದ್ದೆ.

ಆ ವರ್ಷ ಪಂಚಮಿಗೆ ಅಕ್ಕ ಬಂದಿದ್ದಳು. ನಿಮ್ಮಪ್ಪ ಕಂಕುಳಲ್ಲಿ. ಜೋಕಾಲಿ ಎಲ್ಲರಿಗಿಂತ ಎತ್ತರಕ್ಕೆ ಜೀಕಿದವಳು ಅವಳೇ. ಇನ್ನು ನಾಲ್ಕು ದಿನ ಇರುತ್ತೇನೆ ಅಂದಳು. "ಹೋಗವ್ವ, ಅವರು ಏನಂದುಕೊಂಡಾರು" ಅಂದರು ಅಪ್ಪ. ಆಮೇಲೆ ಅಪ್ಪ ಸಾಯುವವರೆಗೂ ಪಂಚಮಿಯ ಉಂಡಿ ಮುಟ್ಟಲಿಲ್ಲ. ಯಾಕೆ ಅಂತ ಮನೆಯಲ್ಲಿ ಯಾರೂ ಕೇಳಲೂ ಇಲ್ಲ.

ಪೊಲೀಸರ ಕಾಗದದಲ್ಲಿ ಇರಬಹುದಲ್ಲ ಅಂತ ನಿನಗೆ ಅನ್ನಿಸಿಯೇ ಅನ್ನಿಸುತ್ತದೆ. ಬಾವಿಯಲ್ಲಿ ಸಿಕ್ಕರೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಂತೆ ಹೆಣದ ಪಂಚನಾಮೆ ಆಗ ಮಾಡುತ್ತಿದ್ದರು. ಅಷ್ಟು ಹಳೆಯ ಕಡತ ಠಾಣೆಯಲ್ಲಿ ಉಳಿಯುವುದು ಅಪರೂಪ, ಅವಧಿ ಮುಗಿದದ್ದನ್ನು ನಾಶ ಮಾಡುತ್ತಾರೆ. ಉಳಿದಿದ್ದರೂ ಏನು? ನಾನು ನೋಡಿದ ಅಂಥ ಕಾಗದಗಳಲ್ಲಿ ಹೆಚ್ಚಾಗಿ ಎರಡೇ ಮಾತು. ನೀರು ಸೇದುವಾಗ ಕಾಲು ಜಾರಿ. ಇಲ್ಲವಾದರೆ ಹೊಟ್ಟೆನೋವು ತಾಳಲಾರದೆ. ಬಾವಿಗೆ ಹೋದ ಅಷ್ಟೂ ಹೆಣ್ಣುಮಕ್ಕಳಿಗೆ ಹೊಟ್ಟೆನೋವೇ ಇತ್ತೇನು? ಗಂಡನ ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಊರಿನ ಪಂಚರು ಹೇಳಿ ಬರೆಸಿದ್ದು ಅದು. ನೀನು ಹೆದರಿದ ಸಾಲೇ ಒಂದು ವೇಳೆ ಸಿಕ್ಕಿತು ಅನ್ನು, ಆಗಲೂ ಅದು ಅಕ್ಕ ಹೇಳಿದ್ದಲ್ಲ.

ಹುಡುಕುವ ದಾರಿ ಕೇಳಿದ್ದೀಯ. ನಾನು ರಿಟೈರ್ ಆಗಿ ಬಹಳ ವರ್ಷ ಆಯಿತು, ಈಗಿನ ಪದ್ಧತಿ ಬೇರೆ ಇದ್ದರೆ ಬೈಯಬೇಡ. ಆ ಕಾಯ್ದೆ ನಮ್ಮಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ಕ್ಕೆ. ಅದಕ್ಕೂ ಮೊದಲು ಊರಿನ ರಿಜಿಸ್ಟರು ಇತ್ತು, ಆದರೆ ಬಿಟ್ಟುಹೋದ ಸಾವುಗಳು ಜಾಸ್ತಿ. ಜನನ ಮರಣದ ಸರ್ಕಾರಿ ವೆಬ್‌ಸೈಟು ಇ-ಜನ್ಮದಲ್ಲಿ ಹುಡುಕಿ ಸುಮ್ನೆ ಸಮಯ ಕಳೆಯಬೇಡ, ಇಷ್ಟು ಹಳೆಯದು ಕಂಪ್ಯೂಟರಿನಲ್ಲಿ ಸಿಗುವುದು ಕಷ್ಟ. ತಹಶೀಲ್ದಾರರಿಗೆ ಅರ್ಜಿ ಕೊಡು. ಸತ್ತ ಊರು ಯಾವುದೋ ಅಲ್ಲಿಯ ರಿಜಿಸ್ಟರಿನಲ್ಲೇ ಇರುತ್ತದೆ, ತವರಿನದರಲ್ಲಿ ಅಲ್ಲ. ಮದುವೆಯಲ್ಲಿ ಇಟ್ಟ ಹೆಸರನ್ನೂ ಬರೆ, "ಇಂಥವನ ಹೆಂಡತಿ" ಅಂತ ಅಷ್ಟೇ ಇದ್ದರೂ ಇರಬಹುದು. ಶೋಧನೆಯ ಫೀ ವರ್ಷದ ಲೆಕ್ಕ, ಹಾಗಾಗಿ ವರ್ಷ ಸರಿಯಾಗಿ ಬರೆ. ಅಕ್ಕ ಹೋದದ್ದು ಕ್ರೋಧಿ ಸಂವತ್ಸರ, ಗಣಪತಿ ಹಬ್ಬ ಮುಗಿದ ಮೇಲೆ ಅಂತ ಅವ್ವ ಹೇಳುತ್ತಿದ್ದಳು. ಅಂದರೆ 1964ರ ಸೆಪ್ಟೆಂಬರ್. ಅದೇ ಸಂವತ್ಸರ 2024ರಲ್ಲಿ ಮತ್ತೆ ಬಂದು ಹೋಯಿತು. ಯುಗಾದಿಯ ಪಂಚಾಂಗದಲ್ಲಿ ಆ ಹೆಸರು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಸಿಗದಿದ್ದರೆ "ದಾಖಲೆ ಲಭ್ಯವಿಲ್ಲ" ಅಂತ ಕಚೇರಿಯ ಲಿಖಿತ ಉತ್ತರ, ಅಂದರೆ ಹಿಂಬರಹ, ಕೇಳಿ ತೆಗೆದುಕೋ. ಹೊಸದಾಗಿ ನೋಂದಾಯಿಸಲು ಹೋಗಬೇಡ, ವರ್ಷ ದಾಟಿದ್ದಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ವಂಶಾವಳಿಗೆ ಅಷ್ಟೆಲ್ಲ ಯಾಕೆ? ಸತ್ತವರ ಹೊಲ ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯಲ್ಲಿ ನೋಡೋಣ ಅಂದರೆ ಅವಳ ಹೆಸರಲ್ಲಿ ಒಂದು ಗುಂಟೆ ಹೊಲವೂ ಇರಲಿಲ್ಲ. ಮನೆಮನೆಗೆ ಬಂದು ವಂಶ ಹೇಳುವ ಹೆಳವ, ಎತ್ತಿನ ಮೇಲೆ ಬರುತ್ತಿದ್ದ ನಮ್ಮವನು, ಏಳು ತಲೆಮಾರು ಹೇಳುತ್ತಿದ್ದ, ಅದರಲ್ಲೂ ಗಂಡುಮಕ್ಕಳದೇ ಸಾಲು. ಆದರೂ ಅವನ ಮನೆಯವರು ಈಗಲೂ ಬರುತ್ತಾರೆ, ಕೇಳಿ ನೋಡುತ್ತೇನೆ.

ಇನ್ನು ನಿಮ್ಮಪ್ಪ. ಎಸ್ಸೆಸ್ಸೆಲ್ಸಿ ಓದುವಾಗ ಅವನೇ ಒಮ್ಮೆ ಕೇಳಿದ್ದ. "ಮಾಮಾ, ಅವ್ವ ನನ್ನನ್ನು ಬಿಟ್ಟು ಹೋದಳೇನು?" ನಾನು ಬಸ್ಸಿನ ಹೊತ್ತಾಯಿತು ಅಂದೆ. ಗೊತ್ತಿಲ್ಲಪ್ಪ ಅಂತಲಾದರೂ ಹೇಳಬಹುದಿತ್ತು, ಅದು ನಿಜವೂ ಹೌದು. ಮತ್ತೆ ಅವನು ಕೇಳಲಿಲ್ಲ. ನೀನು ಹೆದರಿದ್ದನ್ನು ಅವನು ಆಗಿನಿಂದಲೂ ಹೊತ್ತುಕೊಂಡೇ ಇದ್ದಾನೆ. ಹಾಗಾಗಿ ಅವನಿಂದ ಮುಚ್ಚಿಟ್ಟು ಹುಡುಕಬೇಡ. ಅರ್ಜಿ ಕೊಡುವ ಮೊದಲೇ ಹೇಳು. ಹೇಳಲು ಬಾಯಿ ಬಾರದಿದ್ದರೆ ಈ ಪತ್ರವನ್ನೇ ಕೊಡು.

ಮಾರ್ಚಿನಲ್ಲಿ ಮಾತ್ರ ಹೋಗಬೇಡ. ವರ್ಷದ ಲೆಕ್ಕದ ಗಡಿಬಿಡಿಯಲ್ಲಿ ರೆಕಾರ್ಡು ರೂಮಿನ ಬಾಗಿಲು ಯಾರೂ ತೆಗೆಯುವುದಿಲ್ಲ. ಹೊರಡುವ ಹಿಂದಿನ ದಿನ ಫೋನು ಮಾಡು, ನಾನೂ ಬರುತ್ತೇನೆ. ಮೊಣಕಾಲಿನ ನೆಪ ಹೇಳಿ ನನ್ನ ಹೆಂಡತಿ ತಡೆದರೆ ಅದು ಬೇರೆ ಮಾತು.

ನಿನ್ನ
ಅಜ್ಜ