ನಮ್ಮ ಹೊಳೆ ಪುಸ್ತಕಕ್ಕೆ ಕೈ ಜೋಡಿಸಿದವರಿಗೆ

ಮೊನ್ನೆ ಶನಿವಾರ ನಮ್ಮ ಶಾಲೆಯ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ತಾವೇ ಬಿಡಿಸಿದ ಚಿತ್ರ ಪುಸ್ತಕವನ್ನು ಅಪ್ಪ ಅಮ್ಮಂದಿರಿಗೆ ಓದಿ ಹೇಳಿದರು. 16 ಪುಟ. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿ ನಮ್ಮ ಸಕಲೇಶಪುರ ದಾಟಿ ಗೊರೂರು ಡ್ಯಾಮ್ ಸೇರುವ ತನಕದ ಕಥೆ. ಒಂದು ವರ್ಷ ಹಿಡಿಯಿತು.

ಮೊದಲ ಥ್ಯಾಂಕ್ಸ್ ಕಾಫಿ ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುವ ಎರಡನೇ ಕ್ಲಾಸಿನ ಹುಡುಗಿಗೆ. ಕೆಟ್ಟ ನೀರಿನ ಪುಟಕ್ಕೆ ನಾನು ಸುಮ್ನೆ ಕಪ್ಪು ಬಣ್ಣ ಬಳಿದು, ಪಕ್ಕದಲ್ಲಿ ಹೊಗೆ ಉಗುಳುವ ಫ್ಯಾಕ್ಟರಿ ಬರೆದಿದ್ದೆ. ನಮ್ಮೂರಲ್ಲಿ ಅಂಥ ಫ್ಯಾಕ್ಟರಿ ಎಲ್ಲಿದೆ? ಅವಳು ನೋಡಿ, "ಮಿಸ್, ಇದು ನಮ್ ಹಳ್ಳ ಅಲ್ಲ. ನಮ್ದಕ್ಕೆ ಪಲ್ಪರ್ ನೀರು ಬರುತ್ತೆ. ನೊರೆ ಇರುತ್ತೆ, ಹುಳಿ ವಾಸ್ನೆ" ಅಂದಳು. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮಷೀನು. ಆಮೇಲೆ, "ವಾಸ್ನೆ ಹೆಂಗೆ ಬಿಡ್ಸೋದು?" ಅಂತ ಕೇಳಿದಳು. ನನಗೆ ತೋಚಲಿಲ್ಲ. ಮೂಗು ಮುಚ್ಚಿಕೊಂಡ ಏಡಿಯನ್ನು ಅವಳೇ ಬಿಡಿಸಿದಳು. ಏಡಿಗೆ ಮೂಗೆಲ್ಲಿ ಅಂತ ಯಾರೂ ಕೇಳಲಿಲ್ಲ ಬಿಡಿ.

ಪಲ್ಪರ್ ನೋಡಿಕೊಳ್ಳುವ ಅಣ್ಣ ಹಣ್ಣು ಕೊಯ್ಲಿನ ಗಡಿಬಿಡಿಯಲ್ಲೂ ಮಕ್ಕಳನ್ನು ಕೂರಿಸಿಕೊಂಡು ಎಲ್ಲ ಹೇಳಿದರು. ಹಣ್ಣಿನ ಸಿಪ್ಪೆ ಸುಲಿದು, ಬೀಜದ ಮೇಲಿನ ಸಿಹಿ ಲೋಳೆ ತೊಳೆದ ನೀರು ನಿಂತರೆ ಹುಳಿಯಾಗುತ್ತದೆ. ಅದನ್ನು ಹಾಗೇ ಹಳ್ಳಕ್ಕೆ ಬಿಟ್ಟರೆ, ಆ ಸಿಹಿ ತಿನ್ನುವ ಕಣ್ಣಿಗೆ ಕಾಣದ ಜೀವಿಗಳು ನೀರಿನ ಆಮ್ಲಜನಕವನ್ನೂ ಖಾಲಿ ಮಾಡುತ್ತವೆ. ಮೀನಿಗೆ ಉಸಿರು ಕಟ್ಟುತ್ತದೆ. ಅದಕ್ಕೇ ಗುಂಡಿಯಲ್ಲಿ ನಿಲ್ಲಿಸಿ, ಹುಳಿ ಮುರಿಯಲು ಸುಣ್ಣ ಹಾಕಬೇಕು. ಒಂಬತ್ತನೇ ಪುಟದಲ್ಲಿ ಸುಣ್ಣದ ಬಕೆಟ್ ಹಿಡಿದು ನಿಂತಿರುವ ಮೀಸೆ ಅವರದೇ. ಸ್ವಲ್ಪ ಜಾಸ್ತಿ ದಪ್ಪ ಬಂದಿದೆ, ಬೇಜಾರು ಮಾಡ್ಕೋಬೇಡಿ ಅಣ್ಣ.

ಮೊದಲ ಮಳೆಗೆ ಹತ್ತುಮೀನು (ಹೊಳೆಯಿಂದ ಮೇಲಕ್ಕೆ ಹತ್ತಿ ಬರುವ ಮೀನು) ಗದ್ದೆ ತನಕ ಏರಿ ಬರುತ್ತಿದ್ದ ಕಥೆ ಹೇಳಿದ ಅಜ್ಜಿಗೂ ಥ್ಯಾಂಕ್ಸ್. ಅಜ್ಜಿ ಕೈಯಲ್ಲೇ ಅಳತೆ ತೋರಿಸಿದರು. ಮಕ್ಕಳು ಅದಕ್ಕಿಂತ ಉದ್ದ ಬರೆದರು.

ಜುಲೈನಲ್ಲಿ ಹೆಂಚು ಸೋರಿ ಆರು ಪುಟ ನೆನೆದವು. ಹೇಮಾವತಿ ಪೂರ್ತಿ ಕದಡಿ ಹೋದಳು. ಅವತ್ತು ನಾನು ಅತ್ತಿದ್ದು ನಿಜ. ಬಿಸಿಯೂಟದ ಅಕ್ಕ ಅಡುಗೆ ಕೋಣೆಯಲ್ಲಿ ಹಗ್ಗ ಕಟ್ಟಿ ಒಂದೊಂದೇ ಪುಟ ಒಣಗಿಸಿದರು. ನಾಲ್ಕನೇ ಪುಟದಲ್ಲಿ ಸಾರಿನ ಕಲೆ ಇನ್ನೂ ಇದೆ. ಜೆರಾಕ್ಸ್ ಅಂಗಡಿಯವರು ಕಲರ್ ಪ್ರಿಂಟಿಗೆ ಕಾಸು ತಗೊಳ್ಳಲಿಲ್ಲ.

ಕೊನೆಯ ಪುಟ ಖಾಲಿ ಬಿಟ್ಟಿದ್ದೇವೆ, ಸಸಿಗಳ ಕಥೆ ಇನ್ನೂ ಮುಗಿದಿಲ್ಲ. ದಡದ ಮಣ್ಣು ಕೊಚ್ಚಿಹೋಗದಿರಲಿ ಅಂತ ಮಕ್ಕಳು ನೆಟ್ಟ ಹೊಂಗೆ ಸಸಿಗಳಲ್ಲಿ ಎರಡನ್ನು ಆಗಲೇ ದನ ತಿಂದಿದೆ. ಬೇಲಿಗೆ ಮುಳ್ಳು ಕೊಡುತ್ತೇನೆ ಅಂದವರು ಭಾನುವಾರ ಬೆಳಿಗ್ಗೆ ಬನ್ನಿ, ತಿಂಡಿ ನಮ್ಮನೇಲೇ.